ಅಮ್ಮನ ಹಳೆಯ ಫೋನಿಗೆ ಯಾವ ಡಯಲರ್? ಮೂರನ್ನೂ ಬಳಸಿ ನೋಡಿದ ಮೇಲೆ

ಅಮ್ಮನ ಫೋನಿನಲ್ಲಿ ಈಗ ಇರುವುದು ಫಾಸಿಫೈ ಫೋನ್ ಎಂಬ ಡಯಲರ್, ಅಂದರೆ ಕರೆ ಮಾಡಲು, ಎತ್ತಲು ಬಳಸುವ ಆ್ಯಪ್. ಅದನ್ನು ತೆಗೆದು ಬೇರೆ ಹಾಕುವ ಯೋಚನೆ ನನಗಿಲ್ಲ. ಫೋನಿನ ಜೊತೆಗೇ ಬಂದ ಡಯಲರ್, ಕರೆ ಮಾಡಿದವರ ಹೆಸರು ತೋರಿಸುವ ಒಂದು ಜನಪ್ರಿಯ ಆ್ಯಪ್, ಆಮೇಲೆ ಫಾಸಿಫೈ. ಮೂರನ್ನೂ ಒಂದೇ ಫೋನಿನಲ್ಲಿ, ಅಮ್ಮನ ಕೈಯಲ್ಲೇ ಕೊಟ್ಟು ನೋಡಿದ ಮೇಲೆ ಬರೆಯುತ್ತಿದ್ದೇನೆ. ಮನೆಯ ಹಿರಿಯರಿಗೆ ಹಳೆಯ ಆಂಡ್ರಾಯ್ಡ್ ಫೋನ್ ಕೊಟ್ಟವರಿಗೆ, ಅದರಲ್ಲೂ ಹೆಸರುಗಳನ್ನು ಕನ್ನಡದಲ್ಲೇ ಸೇವ್ ಮಾಡಿಕೊಂಡವರಿಗೆ, ಇದರಿಂದ ಉಪಯೋಗವಾದೀತು.

ಫೋನು ಆಂಡ್ರಾಯ್ಡ್ 9ರದ್ದು, 2 ಜಿಬಿ ರ‍್ಯಾಮ್, ಎರಡು ಸಿಮ್. ನಡುವೆ ಹೊಸ ಫೋನನ್ನೂ ಕೊಡಿಸಿದ್ದೆವು. ಅದು ಅಗಲ ಜಾಸ್ತಿ, ಅಮ್ಮನ ಒಂದು ಕೈಗೆ ಕೂರಲಿಲ್ಲ. ಅದು ತಮ್ಮನ ಪಾಲಾಯಿತು. ಹಳೆಯದಕ್ಕೆ ಹೊಸ ಬ್ಯಾಟರಿ ಹಾಕಿಸಿದೆವು, ಅಷ್ಟಕ್ಕೇ ಅದು ಚುರುಕಾಯಿತು. ಆದರೆ ಕಷ್ಟ ಇದ್ದದ್ದು ಡಯಲರ್‌ನಲ್ಲಿ. ಅಮ್ಮ ಫೋನನ್ನು ಬಳಸುವುದೇ ಮಾತನಾಡಲು. ಆ ಒಂದು ಕೆಲಸವೇ ತೊಡಕಾದರೆ ಉಳಿದದ್ದೆಲ್ಲ ಇದ್ದೂ ಪ್ರಯೋಜನವಿಲ್ಲ.

ಜೊತೆಗೆ ಬಂದ ಡಯಲರ್ ಕೆಟ್ಟದ್ದೇನಲ್ಲ. ಬೇಗ ತೆರೆಯುತ್ತಿತ್ತು, ಕರೆ ರೆಕಾರ್ಡ್ ಮಾಡುವ ಸೌಲಭ್ಯ ಅದರಲ್ಲಿ ಮಾತ್ರ ಇತ್ತು. ಆದರೆ ಒಂದು ಅಪ್‌ಡೇಟ್ ಆದ ಬೆಳಿಗ್ಗೆ ಕರೆ ಎತ್ತುವ ರೀತಿಯೇ ಬದಲಾಗಿತ್ತು. ಮೇಲಕ್ಕೆ ಎಳೆಯುತ್ತಿದ್ದದ್ದನ್ನು ಪಕ್ಕಕ್ಕೆ ಎಳೆಯಬೇಕಾಯಿತು, ಕರೆಗಳ ಪಟ್ಟಿ ಇದ್ದ ಜಾಗ ಬೇರೆಯಾಯಿತು. ವರ್ಷಗಟ್ಟಲೆ ಕೈಗೆ ಅಭ್ಯಾಸವಾದದ್ದನ್ನು ಎಪ್ಪತ್ತು ದಾಟಿದವರಿಗೆ ಹೇಳದೆ ಕೇಳದೆ ಬದಲಿಸುವುದು ನನಗೆ ಒಪ್ಪಿಗೆಯಾಗದ ವಿಷಯ. ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಗೆ ಹೋಗಿ ಅಪ್‌ಡೇಟ್‌ಗಳನ್ನು ಅನ್‌ಇನ್‌ಸ್ಟಾಲ್ ಮಾಡಿ, ಪ್ಲೇ ಸ್ಟೋರ್‌ನಲ್ಲಿ ಆ ಒಂದು ಆ್ಯಪ್‌ಗೆ ತಾನಾಗಿಯೇ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿದರೆ ಹಳೆಯ ರೂಪ ಮರಳುತ್ತದೆ. ಬೇರೆ ಆ್ಯಪ್ ಹಾಕುವ ತಾಪತ್ರಯ ಬೇಡ ಎನ್ನುವವರು ಇಷ್ಟು ಮಾಡಿಕೊಂಡರೂ ಸಾಕು.

ಹೆಸರು ತೋರಿಸುವ ಆ್ಯಪ್ ಆ ಫೋನಿಗೆ ಭಾರವಾಯಿತು. ರಿಂಗ್ ಕೇಳಿಸಿದ ಮೇಲೂ ಪರದೆ ಮೂಡಲು ತಡ, ಕರೆ ಮುಗಿದ ಕೂಡಲೇ ಜಾಹೀರಾತು. ಅಮ್ಮ ಆ ಜಾಹೀರಾತನ್ನೇ ಯಾರೋ ಕಳಿಸಿದ ಸಂದೇಶವೆಂದು ತಿಳಿದು ಒತ್ತುತ್ತಿದ್ದರು. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು. ಅಮ್ಮನ ಫೋನಿನಲ್ಲಿ ಊರಿನ ಅರ್ಧ ಮನೆಗಳ ನಂಬರಿದೆ. ಅವರೆಲ್ಲ ನಂಬರು ಕೊಟ್ಟದ್ದು ಅಮ್ಮನಿಗೆ. ಆ ನಂಬರುಗಳ ಪಟ್ಟಿಯನ್ನು ಓದುವ ಅನುಮತಿಯ ಜೊತೆಗೆ ಇಂಟರ್‌ನೆಟ್ಟೂ ಇರುವ ಆ್ಯಪ್ ಅಲ್ಲಿ ಕೂರುವುದು ನನಗೆ ಸರಿ ಕಾಣಲಿಲ್ಲ.

ಇನ್ನು ಫಾಸಿಫೈ. ಸಿಂಪಲ್ ಮೊಬೈಲ್ ಟೂಲ್ಸ್ ಎಂಬ ಆ್ಯಪ್‌ಗಳ ಗುಂಪು ಹಲವರಿಗೆ ನೆನಪಿರಬಹುದು. 2023ರ ಕೊನೆಗೆ ಅದು ಬೇರೆ ಕಂಪನಿಗೆ ಮಾರಾಟವಾದಾಗ, ಮುಕ್ತ ತಂತ್ರಾಂಶವಾಗಿದ್ದ ಅದರ ಸಂಕೇತವನ್ನೇ (ಸೋರ್ಸ್ ಕೋಡ್) ತೆಗೆದುಕೊಂಡು ಫಾಸಿಫೈ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಯಾರು ಬೇಕಾದರೂ ಬಳಸಿ ಬದಲಿಸಬಹುದಾದ ಜಿಪಿಎಲ್ ಪರವಾನಗಿ, ಜಾಹೀರಾತಿಲ್ಲ, ದುಡ್ಡಿಲ್ಲ. ಇಂಟರ್‌ನೆಟ್ ಬಳಸುವ ಅನುಮತಿಯನ್ನೇ ಇದು ಕೇಳುವುದಿಲ್ಲ, ಹಾಗಾಗಿ ನಂಬರುಗಳು ಎಲ್ಲಿಗೂ ಹೋಗುವ ಭಯವಿಲ್ಲ. ಮುಕ್ತ ತಂತ್ರಾಂಶದ ಆ್ಯಪ್‌ಗಳಷ್ಟೇ ಸಿಗುವ ಎಫ್-ಡ್ರಾಯ್ಡ್ ಎಂಬ ಆ್ಯಪ್ ಅಂಗಡಿಯಿಂದ ನಾನು ಹಾಕಿಕೊಂಡೆ.

ಇದರ ಬಲ ಇರುವುದು ಸೆಟ್ಟಿಂಗ್ಸ್‌ನಲ್ಲಿ. ಅಕ್ಷರದ ಗಾತ್ರವನ್ನು ಅತಿ ದೊಡ್ಡದಕ್ಕೆ ಇಟ್ಟೆ. ಹಿನ್ನೆಲೆ ಕಪ್ಪು, ಅಕ್ಷರ ಹಳದಿ. ಪೊರೆಯ ಆಪರೇಷನ್ ಆದ ಕಣ್ಣಿಗೆ ಬಿಳಿ ಹಿನ್ನೆಲೆ ಚುಚ್ಚುತ್ತದೆ ಎಂದು ಅಮ್ಮ ಹೇಳುತ್ತಿದ್ದರು. ಮೂರು ಟ್ಯಾಬ್‌ಗಳಲ್ಲಿ ಮೆಚ್ಚಿನವು ಮತ್ತು ಕರೆಗಳ ಪಟ್ಟಿ ಎರಡನ್ನೇ ಉಳಿಸಿದೆ. ಒಂದೇ ನಂಬರಿನ ಸಾಲು ಸಾಲು ಕರೆಗಳು ಒಂದೇ ಸಾಲಾಗಿ ಕಾಣುವಂತೆ ಮಾಡಿದೆ. ಕರೆ ಬಂದಾಗ ಎಳೆಯುವ ಬದಲು ಬರೀ ಒತ್ತಿದರೆ ಸಾಕು ಎಂಬ ಆಯ್ಕೆಯಿದೆ, ಮೊದಲು ಹಾಕಬೇಕಾದದ್ದೇ ಅದು. ಕರೆ ಹೋಗುವ ಮೊದಲು 'ಮಾಡಲೇ?' ಎಂದು ಕೇಳುವ ಆಯ್ಕೆಯೂ ಇದೆ. ಪಟ್ಟಿಯಲ್ಲಿ ಬೆರಳು ತಾಗಿ ಯಾರ‍್ಯಾರಿಗೋ ರಾತ್ರಿ ಹನ್ನೊಂದಕ್ಕೆ ಫೋನು ಹೋಗುತ್ತಿದ್ದದ್ದು ಅದರಿಂದ ಪೂರ್ತಿ ನಿಂತಿತು. ಎರಡು ಸಿಮ್ ಇದ್ದರೆ ಡಯಲ್ ಪ್ಯಾಡಿನ ಕೆಳಗೆ ಎರಡು ಹಸಿರು ಗುಂಡಿ ಬರುತ್ತವೆ. ಒಂದು ನಂಬರಿಗೆ ಯಾವಾಗಲೂ ಇಂಥದ್ದೇ ಸಿಮ್ ಎಂದು ಗೊತ್ತು ಮಾಡಿಡಲೂಬಹುದು.

ಹಳೆಯ ಫೋನುಗಳಿಗೆಂದೇ ಹೇಳಬೇಕಾದ ಒಂದು ಆಯ್ಕೆ ಪ್ರಾಕ್ಸಿಮಿಟಿ ಸೆನ್ಸರ್‌ನದು. ಕಿವಿಯ ಹತ್ತಿರ ಹಿಡಿದಾಗ ಪರದೆ ಆರಿಸುವುದು ಆ ಸೆನ್ಸರ್ ಕೆಲಸ. ವರ್ಷಗಳ ಧೂಳು ಕೂತರೆ, ಅಥವಾ ಬೀದಿ ಬದಿಯಲ್ಲಿ ಅಂಟಿಸಿದ ಗಾಜು ಅದನ್ನು ಮುಚ್ಚಿದರೆ, ಫೋನನ್ನು ಕಿವಿಯಿಂದ ತೆಗೆದರೂ ಪರದೆ ಕಪ್ಪಾಗಿಯೇ ಇರುತ್ತದೆ. ಕರೆ ಕತ್ತರಿಸಲು ಆಗುವುದಿಲ್ಲ. ಫಾಸಿಫೈನಲ್ಲಿ ಕರೆಯ ಹೊತ್ತಿಗೆ ಆ ಸೆನ್ಸರನ್ನೇ ನಿಲ್ಲಿಸಬಹುದು. ಉಳಿದೆರಡರಲ್ಲಿ ನನಗೆ ಆ ಆಯ್ಕೆ ಸಿಗಲಿಲ್ಲ.

ಇಷ್ಟೆಲ್ಲ ಚೆನ್ನಾಗಿದ್ದೂ ಒಂದು ತೊಡಕು ನನ್ನನ್ನು ಬಹಳ ಕಾಡಿತು, ಕನ್ನಡದವರಿಗೆಲ್ಲ ಇದು ಕಾಡುತ್ತದೆ. ಡಯಲ್ ಪ್ಯಾಡಿನಲ್ಲಿ ಹೆಸರು ಹುಡುಕುವುದು ಗೊತ್ತಲ್ಲ: ಎರಡರ ಮೇಲೆ ಎ, ಬಿ, ಸಿ, ಮೂರರ ಮೇಲೆ ಡಿ, ಇ, ಎಫ್. 7, 2, 7 ಒತ್ತಿದರೆ ಎಸ್, ಎ, ಆರ್ ಎಂದು ತಿಳಿದು ಇಂಗ್ಲಿಷಿನಲ್ಲಿ ಬರೆದ ಸರೋಜ ಮೇಲೆ ಬರುತ್ತಾಳೆ. ಅಮ್ಮನ ಫೋನಿನಲ್ಲಿ ಸರೋಜ ಇರುವುದು ಕನ್ನಡದಲ್ಲಿ. 7, 2, 7 ಒತ್ತಿದರೆ ಆ ಅಂಕಿಗಳಿರುವ ನಂಬರುಗಳು ಬರುತ್ತವೆಯೇ ಹೊರತು ಸರೋಜ ಬರುವುದಿಲ್ಲ.

ಕಾರಣ ಸರಳ. ಹೆಸರಿನ ಅಕ್ಷರಗಳನ್ನು ಅಂಕಿಗಳಾಗಿ ಬದಲಿಸಲು ಆಂಡ್ರಾಯ್ಡ್‌ನಲ್ಲಿ ಸಿದ್ಧವಾಗಿರುವ ಕೋಷ್ಟಕಕ್ಕೆ ಗೊತ್ತಿರುವುದು ಎಯಿಂದ ಝಡ್‌ವರೆಗೆ ಮಾತ್ರ. 'ಸ' ಬಂದರೆ ಅದನ್ನು ಹಾಗೆಯೇ ಮುಂದೆ ಬಿಡುತ್ತದೆ. ಆಮೇಲೆ ಅಂಕಿಗಳ ಸಾಲಿಗೂ ಕನ್ನಡ ಅಕ್ಷರಗಳ ಸಾಲಿಗೂ ಹೊಂದಾಣಿಕೆ ಹೇಗೆ ಆದೀತು? ಗುಂಡಿಗಳ ಮೇಲಿನ ಅಕ್ಷರ ಹಂಚಿಕೆಗೆ ಅಂತರರಾಷ್ಟ್ರೀಯ ಮಾನದಂಡವೇ ಇದೆ, ಆದರೆ ಅದು ಲ್ಯಾಟಿನ್ ಅಕ್ಷರಗಳದ್ದು. ರಷ್ಯನ್ನರ ಅಕ್ಷರಗಳಿಗೆ ಡಯಲರ್ ಮಾಡುವವರು ಬೇರೆ ಕೋಷ್ಟಕ ಬರೆದು ಸೇರಿಸಿದ್ದಾರೆ. ಕನ್ನಡಕ್ಕೆ ನಾನು ನೋಡಿದ ಮೂರರಲ್ಲೂ ಯಾರೂ ಸೇರಿಸಿಲ್ಲ. ಹಳೆಯ ಗುಂಡಿ ಫೋನುಗಳಲ್ಲಿ ಅದೇ ಹನ್ನೆರಡು ಗುಂಡಿಗಳ ಮೇಲೆ ಕನ್ನಡ ಮೂಡಿಸಿ ಎಸ್‌ಎಂಎಸ್ ಬರೆದವರು ನಾವು. ಈಗ ಹುಡುಕಲು ವ್ಯಂಜನಗಳಷ್ಟನ್ನೇ ಗುಂಡಿಗಳಿಗೆ ಹಂಚಿದರೂ ಸಾಕು. ಕವರ್ಗ ಎರಡಕ್ಕೆ, ಚವರ್ಗ ಮೂರಕ್ಕೆ, ಹೀಗೆ. ಕಾಗುಣಿತ, ಒತ್ತಕ್ಷರ ಬಿಟ್ಟುಬಿಟ್ಟರೂ ನೂರು ಹೆಸರಿನಲ್ಲಿ ಬೇಕಾದದ್ದು ಸಿಕ್ಕೇ ಸಿಗುತ್ತದೆ. ಫಾಸಿಫೈನ ಸಂಕೇತ ಎಲ್ಲರಿಗೂ ತೆರೆದಿದೆ. ಬರೆಯಬಲ್ಲ ಕನ್ನಡಿಗರೊಬ್ಬರು ಇದನ್ನು ಕೈಗೆತ್ತಿಕೊಳ್ಳಲಿ ಎಂದು ಮನಸಾರೆ ಬಯಸುತ್ತೇನೆ.

ಅಲ್ಲಿಯವರೆಗೆ ಎರಡು ದಾರಿ. ಒಂದು, ಹೆಸರು ಕನ್ನಡದಲ್ಲೇ ಇರಲಿ, ಸರ್‌ನೇಮ್ ಜಾಗದಲ್ಲಿ ಇಂಗ್ಲಿಷಿನ ಮೂರು ಅಕ್ಷರ ಸೇರಿಸಿ. ಫಾಸಿಫೈ ಹೆಸರಿನ ನಡುವೆ ಎಲ್ಲಿದ್ದರೂ ಹುಡುಕುವುದರಿಂದ 7, 2, 7 ಒತ್ತಿದ ಕೂಡಲೇ ಸರೋಜ ಮೇಲೆ ಬರುತ್ತಾಳೆ. ಸರ್‌ನೇಮ್ ಮೊದಲು ತೋರಿಸುವ ಆಯ್ಕೆ ಆಫ್ ಇರಬೇಕು, ಇಲ್ಲದಿದ್ದರೆ ಅಕಾರಾದಿ ಕ್ರಮ ಕೆಡುತ್ತದೆ. ನನ್ನ ಫೋನಿನಲ್ಲಿ ಹೀಗೇ ಮಾಡಿಕೊಂಡಿದ್ದೇನೆ. ಇಂಗ್ಲಿಷ್ ಓದದ ಅಮ್ಮನಿಗೆ ಇದರಿಂದ ಏನೂ ಲಾಭವಿಲ್ಲ. ಅವರಿಗೆ ಎರಡನೆಯ ದಾರಿ: ಡಯಲ್ ಪ್ಯಾಡಿನ ಇಂಗ್ಲಿಷ್ ಅಕ್ಷರಗಳನ್ನು ಅಡಗಿಸುವ ಆಯ್ಕೆ ಹಾಕಿದೆ, ಬರೀ ಅಂಕಿಗಳು ಉಳಿದವು. ಸ್ಪೀಡ್ ಡಯಲ್‌ನಲ್ಲಿ ಎರಡಕ್ಕೆ ನಾನು, ಮೂರಕ್ಕೆ ತಂಗಿ, ನಾಲ್ಕಕ್ಕೆ ಪಕ್ಕದ ಮನೆ. ಒತ್ತಿ ಹಿಡಿದರೆ ಕರೆ ಹೋಗುತ್ತದೆ. ಉಳಿದವರೆಲ್ಲ ಮೆಚ್ಚಿನವುಗಳ ಟ್ಯಾಬ್‌ನಲ್ಲಿ, ದೊಡ್ಡ ಕನ್ನಡ ಅಕ್ಷರದಲ್ಲಿ. ಕನ್ನಡ ಕೀಲಿಮಣೆಯಲ್ಲಿ ಟೈಪ್ ಮಾಡಿ ಹುಡುಕುವ ಪಟ್ಟಿ ಮೂರೂ ಆ್ಯಪ್‌ಗಳಲ್ಲಿ ಸರಿಯಾಗಿಯೇ ಕೆಲಸ ಮಾಡುತ್ತದೆ, ಆದರೆ ಅಮ್ಮ ಟೈಪ್ ಮಾಡುವವರಲ್ಲ.

ಹಾಕಿಕೊಳ್ಳುವಾಗ ಒಂದು ಎಚ್ಚರಿಕೆ. ಆಂಡ್ರಾಯ್ಡ್ 6ರಿಂದ ಬೇರೆ ಡಯಲರನ್ನು ಡೀಫಾಲ್ಟ್ ಮಾಡುವ ವ್ಯವಸ್ಥೆ ಇದೆ, ಹಾಗೆ ಮಾಡದೆ ಫಾಸಿಫೈ ಪೂರ್ತಿ ಕೆಲಸ ಮಾಡದು. ಕೆಲವು ತಯಾರಕರ ಫೋನುಗಳಲ್ಲಿ ಅಷ್ಟೇ ಸಾಲದು. ಬ್ಯಾಟರಿ ಉಳಿಸುವ ನೆಪದಲ್ಲಿ ಫೋನು ಆ್ಯಪನ್ನು ಮಲಗಿಸುತ್ತದೆ. ರಿಂಗ್ ಆಗುತ್ತದೆ, ಪರದೆ ಬರುವುದಿಲ್ಲ. ಬ್ಯಾಟರಿ ನಿರ್ಬಂಧ ತೆಗೆಯಿರಿ, ಲಾಕ್ ಪರದೆಯ ಮೇಲೆ ಕಾಣಿಸಿಕೊಳ್ಳುವ ಅನುಮತಿ ಕೊಡಿ, ಆ್ಯಪ್ ಒಳಗೆ ಕರೆ ಯಾವಾಗಲೂ ಪೂರ್ತಿ ಪರದೆಯಲ್ಲಿ ಬರಲಿ ಎಂಬುದನ್ನು ಆನ್ ಮಾಡಿ. ಆಮೇಲೆ ಫೋನನ್ನು ಒಮ್ಮೆ ಆರಿಸಿ ಹಚ್ಚಿ, ಲಾಕ್ ಮಾಡಿ, ಬೇರೆ ಫೋನಿನಿಂದ ಕರೆ ಮಾಡಿ ನೋಡದೆ ಅಮ್ಮನ ಕೈಗೆ ಕೊಡಬೇಡಿ.

ಜೊತೆಗೆ ಬಂದ ಡಯಲರನ್ನು ಯಾವ ಕಾರಣಕ್ಕೂ ನಿಷ್ಕ್ರಿಯ ಮಾಡಬೇಡಿ. 112ರಂಥ ತುರ್ತು ಕರೆಗಳನ್ನು ಆಂಡ್ರಾಯ್ಡ್ ಅದರ ಮೂಲಕವೇ ನಡೆಸುತ್ತದೆ, ಹೊಸ ಡಯಲರ್ ಕುಸಿದರೂ ಅದಕ್ಕೇ ಮರಳುತ್ತದೆ.

ಬೇಡದ ಕರೆಗಳ ವಿಷಯದಲ್ಲಿ ಹೆಸರು ತೋರಿಸುವ ಆ್ಯಪ್ ಮುಂದಿದೆ, ಅದನ್ನು ಒಪ್ಪಲೇಬೇಕು. ಫಾಸಿಫೈಗೆ ಅಪರಿಚಿತರ ಹೆಸರು ಗೊತ್ತಾಗುವುದಿಲ್ಲ. ಆದರೆ ನಂಬರಿನ ಒಂದು ಭಾಗ ಬರೆದು ಉಳಿದದ್ದಕ್ಕೆ ನಕ್ಷತ್ರ ಚಿಹ್ನೆ ಹಾಕಿ ತಡೆಯಬಹುದು. ನಮ್ಮಲ್ಲಿ ಮಾರಾಟದ ಕರೆಗಳಿಗೆ 140ರ ಸರಣಿ ಮೀಸಲು, ಹಾಗಾಗಿ 140* ಮತ್ತು +91140* ಎರಡನ್ನೂ ಸೇರಿಸಿದೆ. 1600ರ ಸರಣಿಯನ್ನು ತಡೆಯಬೇಡಿ, ಬ್ಯಾಂಕಿನಂಥ ಕಡೆಯಿಂದ ಬರುವ ಅಗತ್ಯದ ಕರೆಗಳಿಗೆ ಅದನ್ನು ಕೊಟ್ಟಿದ್ದಾರೆ. ಸಾಲದ್ದಕ್ಕೆ 1909ಕ್ಕೆ ಕರೆ ಮಾಡಿ ಡಿಎನ್‌ಡಿ, ಅಂದರೆ ಮಾರಾಟದ ಕರೆಗಳು ಬೇಡವೆಂಬ ನೋಂದಣಿ, ಹಾಕಿಸಿದೆ. ಸೇವ್ ಆಗದ ನಂಬರುಗಳನ್ನೆಲ್ಲ ತಡೆಯುವ ಆಯ್ಕೆಯೂ ಇದೆ, ಅದನ್ನು ಹಿರಿಯರ ಫೋನಿನಲ್ಲಿ ಮುಟ್ಟಬೇಡಿ. ಸಿಲಿಂಡರ್ ತರುವವನು, 108 ಆಂಬುಲೆನ್ಸ್‌ನ ಚಾಲಕ ದಾರಿ ಕೇಳಲು ಮಾಡುವ ಕರೆ, ಎಲ್ಲವೂ ಸೇವ್ ಆಗದ ನಂಬರಿನಿಂದಲೇ ಬರುತ್ತವೆ.

ಫಾಸಿಫೈನಲ್ಲಿ ಕರೆ ರೆಕಾರ್ಡಿಂಗ್ ಇಲ್ಲ. ನನಗೆ ಬೇಕಿರಲಿಲ್ಲ.

ಆಂಡ್ರಾಯ್ಡ್ 8ಕ್ಕಿಂತ ಹಳೆಯ ಫೋನಿನಲ್ಲಿ ಇದು ಹತ್ತುವುದಿಲ್ಲ. ಅಂಥ ಫೋನಿದ್ದರೆ ಜೊತೆಗೆ ಬಂದ ಡಯಲರಿನ ಅಪ್‌ಡೇಟ್ ತೆಗೆದು ಹಾಗೇ ಇಟ್ಟುಕೊಳ್ಳಿ.

ತಂಗಿ ಸೀರೆ ವ್ಯಾಪಾರ ಮಾಡುತ್ತಾಳೆ. ದಿನವಿಡೀ ಹೊಸಬರ ಕರೆ, ಯಾರೆಂದು ಎತ್ತುವ ಮೊದಲೇ ತಿಳಿದರೆ ಅವಳಿಗೆ ಅನುಕೂಲ. ಅವಳ ಫೋನಿಗೆ 6 ಜಿಬಿ ರ‍್ಯಾಮ್ ಇದೆ, ಆ ಆ್ಯಪ್ ಅಲ್ಲಿ ತಡವರಿಸುವುದಿಲ್ಲ, ಜಾಹೀರಾತು ಬೇಡವೆಂದು ವರ್ಷಕ್ಕೆ ದುಡ್ಡನ್ನೂ ಕಟ್ಟುತ್ತಾಳೆ. ಅವಳಿಗೆ ಫಾಸಿಫೈ ಹಾಕಿಸಲು ನಾನು ಹೋಗಿಲ್ಲ. ನೆಟ್‌ವರ್ಕ್ ಕಡೆಯಿಂದಲೇ ಹೆಸರು ಬರುವ ವ್ಯವಸ್ಥೆ ತರಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿತ್ತು. ಅದು ಎಲ್ಲ ಕರೆಗಳಿಗೂ ಬಂದರೆ ಅವಳ ದುಡ್ಡೂ ಉಳಿದೀತು. ಅಮ್ಮನಿಗಾದರೋ ಬರುವ ಕರೆಗಳು ಬಹುಪಾಲು ಗುರುತಿನವರದ್ದೇ. ಅವರಿಗೆ ಬೇಕಾದದ್ದು ದೊಡ್ಡ ಕನ್ನಡ ಅಕ್ಷರ, ಒಂದೇ ಒತ್ತಿಗೆ ಎತ್ತುವ ಗುಂಡಿ, ನಾಳೆ ಬೆಳಿಗ್ಗೆಯೂ ಇದ್ದಲ್ಲೇ ಇರುವ ಪಟ್ಟಿ. ಫಾಸಿಫೈಗೂ ಅಪ್‌ಡೇಟ್‌ಗಳು ಬರುತ್ತವೆ, ಆದರೆ ಎಫ್-ಡ್ರಾಯ್ಡ್‌ನಲ್ಲಿ ತಾನಾಗಿ ಅಪ್‌ಡೇಟ್ ಆಗುವುದನ್ನು ನಿಲ್ಲಿಸಿದ್ದೇನೆ. ಊರಿಗೆ ಹೋದಾಗ ನಾನೇ ನೋಡಿ, ಏನು ಬದಲಾಗಿದೆ ಎಂದು ಓದಿ, ಅಮ್ಮನಿಗೆ ತೋರಿಸಿಯೇ ಹಾಕುತ್ತೇನೆ.