ಬೆಂಗಳೂರಿನ ಟೆನ್‌ಕೆ, ನಮ್ಮೂರ ಟೆನ್‌ಕೆ, ತೀರ್ಥಹಳ್ಳಿ ಕಡೆಯ ಹಾಫ್: ಮೂರೂ ಓಡಿದ್ಮೇಲೆ

ಶಿವಮೊಗ್ಗದ ತುಂಗಾ ನಾಲೆ ರೋಡಲ್ಲಿ ಬೆಳಿಗ್ಗೆ ಓಡೋ ನಮ್ಮ ಗುಂಪಿಗೆ ಹೊಸಬ್ರು ಯಾರೇ ಬರ್ಲಿ, ಎರಡು ವಾರ ಆಗೋಷ್ಟರಲ್ಲಿ ಅದೇ ಪ್ರಶ್ನೆ, ಸಾರ್ ಯಾವುದಕ್ಕೆ ಹೆಸರು ಕೊಡ್ಲಿ, ಬೆಂಗಳೂರಿಗೆ ಹೋಗ್ಲಾ ಇಲ್ಲೇ ಓಡ್ಲಾ, ಅಲ್ಲಿ ಟೈಮ್ ಚೆನ್ನಾಗಿ ಬರುತ್ತಂತೆ ಹೌದಾ. ಒಬ್ಬೊಬ್ರಿಗೂ ಹೇಳಿ ಹೇಳಿ ಸಾಕಾಗಿ ಒಂದ್ಸಲ ಬರೆದೇ ಇಟ್ಬಿಡೋಣ ಅನ್ನಿಸ್ತು.

ನಾನು ಅಡಿಕೆ ಮಂಡಿಲಿ ಲೆಕ್ಕ ಬರೆಯೋನು, ವಯಸ್ಸು 44, ಓಡೋಕೆ ಶುರು ಮಾಡಿ ನಾಲ್ಕು ವರ್ಷ ಆಯ್ತು, ಕಾರಣ ದೊಡ್ಡದೇನಿಲ್ಲ, ಶುಗರ್ ಬಾರ್ಡರಲ್ಲಿದೆ ಅಂದ್ರು ಡಾಕ್ಟ್ರು. ಮಂಡಿಲಿ ಅಡಿಕೇನ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬೇರೆ ಮಾಡಿದ್ಮೇಲೇ ರೇಟಿನ ಮಾತು, ಗೊರಬಲಿನ ರೇಟ್ ತಂದು ಸರಕಿನ ಪಕ್ಕ ಇಟ್ಟು ಇದ್ಯಾಕೆ ಕಮ್ಮಿ ಅಂತ ಕೇಳಿದ್ರೆ ಹಮಾಲ್ರೂ ನಗ್ತಾರೆ. ಓಟದಲ್ಲಿ ಮಾತ್ರ ಎಲ್ರೂ ಅದನ್ನೇ ಮಾಡ್ತೀವಿ, ಅಲ್ಲಿ 58 ನಿಮಿಷ ಇಲ್ಲಿ 55 ಅಂತ. ನನ್ನ ಹತ್ರ ಬೇರೆ ಅಳತೆ ಇದೆ. ನಮ್ಮ ಆಫೀಸು ಇರೋದು ಮಹಡಿ ಮೇಲೆ, 18 ಮೆಟ್ಟಿಲು, ಕಡತ ತರೋಕೆ ದಿನಕ್ಕೆ ಹತ್ತು ಸಲ ಹತ್ತಿ ಇಳೀಬೇಕು. ಭಾನುವಾರ ಓಡಿದೋನು ಸೋಮವಾರ ಆ ಮೆಟ್ಟಿಲು ಹೇಗೆ ಇಳೀತೀನಿ ಅನ್ನೋದೇ ನನ್ನ ಲೆಕ್ಕ.

ಮೊದಲು ಬೆಂಗಳೂರು. ಅಲ್ಲಿನ ವರ್ಲ್ಡ್ ಟೆನ್‌ಕೆ (ಅಂದ್ರೆ 10 ಕಿಲೋಮೀಟರ್ ಓಟ) 2008ರಿಂದ ನಡೀತಿದೆ, ನಾನು ಓಡಿದ್ದು 2024ರ ಏಪ್ರಿಲ್‌ದು. ಅಲ್ಲಿ ಲೋಕಸಭೆ ಎಲೆಕ್ಷನ್ ಮುಗಿದು ಎರಡೇ ದಿನ ಆಗಿತ್ತು, ಪಕ್ಕದಲ್ಲಿ ನಿಂತೋರ ಬೆರಳಲ್ಲೆಲ್ಲ ಇಂಕು, ನಮ್ಮ ಕಡೆ ವೋಟು ಮೇ 7ಕ್ಕೆ ಇದ್ದಿದ್ರಿಂದ ನನ್ನ ಬೆರಳು ಖಾಲಿ. ಆ ವಾರ ಬೆಂಗಳೂರಲ್ಲಿ ಮಧ್ಯಾಹ್ನದ ಬಿಸಿಲು 38 ಡಿಗ್ರಿ ಮುಟ್ಟಿತ್ತು, ನಮ್ಮೂರಿಗೆ ಅದು ಮಾಮೂಲಿ, ಅಲ್ಲಿಯವರು ಮಾತ್ರ ಲೋಕ ಮುಳುಗಿದ ಹಾಗೆ ಮಾತಾಡ್ತಿದ್ರು. ಓಟ ಬೆಳಗಾಗೋ ಹೊತ್ತಿಗೇ ಇದ್ದಿದ್ರಿಂದ ಬಿಸಿಲಿನ ಕಾಟ ಇರ್ಲಿಲ್ಲ.

ನಮ್ಮಂಥ ಪರಊರಿನೋರಿಗೆ ಓಟ ಶುರುವಾಗೋದು ಶನಿವಾರದಿಂದ. ಬಿಬ್, ಅಂದ್ರೆ ಎದೆಗೆ ಹಾಕೋ ಹೆಸರು ನಂಬರಿನ ಚೀಟಿ, ಓಟದ ದಿನ ಕೊಡಲ್ಲ, ಮುಂಚೆನೇ ಎಕ್ಸ್‌ಪೋಗೆ ಹೋಗಿ ತಗೋಬೇಕು, ಅದಕ್ಕೆ ಬೆಳಿಗ್ಗೆ ಜನಶತಾಬ್ದಿ ಹಿಡಿದು ಹೋಗಿ, ಅಲ್ಲಿ ಸ್ಟಾಲ್ ಸ್ಟಾಲ್ ಸುತ್ತಿ ಬೇಡದ ಒಂದು ಸಾಕ್ಸ್ ತಗೊಂಡು, ಸಂಜೆ ವಿಜಯನಗರದಲ್ಲಿ ತಮ್ಮನ ಮನೆ ಸೇರೋಷ್ಟರಲ್ಲಿ ಏನಿಲ್ಲ ಅಂದ್ರೂ ಏಳೆಂಟು ಕಿಲೋಮೀಟರ್ ನಡೆದಿದ್ದೆ. ತಮ್ಮನ ಹೆಂಡ್ತಿ ಭಾವ ಬಂದಿದಾರೆ ಅಂತ ಹೋಳಿಗೆ ಮಾಡಿದ್ಲು. ಎರಡು ತಿಂದೆ. ಮೂರನೇದು ಬೇಡ ಅಂತ ತಟ್ಟೆಗೆ ಕೈ ಅಡ್ಡ ಹಿಡಿದೆ, ಕೈ ಮೇಲೇ ಬಿತ್ತು.

ಜನ ಅಂದ್ರೆ ಜನ, ನಮ್ಮೂರ ಕೋಟೆ ಮಾರಿಕಾಂಬ ಜಾತ್ರೆಲಿ ಕಂಡಷ್ಟು. ಹಿಂದೆ ಓಡಿದ ಟೈಮಿಂಗ್ ಸರ್ಟಿಫಿಕೇಟ್ ಇದ್ರೆ ಮುಂದಿನ ಗುಂಪಲ್ಲಿ ನಿಲ್ಲಿಸ್ತಾರೆ, ನನ್ನ ಹತ್ರ ಇರ್ಲಿಲ್ಲ, ಹಾಗಾಗಿ ಗನ್ ಹೊಡೆದು ಐದು ನಿಮಿಷ ಆದ್ಮೇಲೆ ನಾನು ಸ್ಟಾರ್ಟ್ ಲೈನ್ ದಾಟಿದ್ದು. ಅದಕ್ಕೇ ಗನ್ ಟೈಮ್ ಬೇರೆ, ನಾವು ಲೈನ್ ದಾಟಿದಾಗಿಂದ ಚಿಪ್ ಹೇಳೋ ನೆಟ್ ಟೈಮ್ ಬೇರೆ, ನಮಗೆ ಲೆಕ್ಕ ಎರಡನೇದು. ಮೊದಲ ಎರಡು ಕಿಲೋಮೀಟರ್ ಜನರ ಮಧ್ಯೆ ಸಂದಿ ಹುಡುಕೋದೇ ಆಯ್ತು, ಹಲಸೂರು ಕಡೆ ಬರೋ ಹೊತ್ತಿಗೆ ಸ್ವಲ್ಪ ಬಿಡುವಾಯ್ತು, ಡೊಳ್ಳಿನೋರು ಬಾರಿಸ್ತಿದ್ರು, ರೋಡ್ ಪಕ್ಕ ಯಾರೋ ಗುರುತಿಲ್ಲದ ಅಜ್ಜಿ ಬಿಬ್ ಮೇಲಿನ ಹೆಸರು ಓದಿ ಕೂಗಿದ್ರು, ಸುಳ್ಳು ಯಾಕೆ ಹೇಳ್ಲಿ, ಕಣ್ಣಲ್ಲಿ ನೀರು ಬಂತು. 58 ನಿಮಿಷ 40 ಸೆಕೆಂಡ್. ಎಲೈಟ್ ಗಂಡಸರು ಅದರ ಅರ್ಧಕ್ಕಿಂತ ಕಮ್ಮಿ ಟೈಮಲ್ಲಿ ಮುಗಿಸ್ತಾರೆ, ಅದೇನು ಓಟನೋ ಹಾರಾಟನೋ. ಸೋಮವಾರ ರೈಲಿಳಿದು ಸೀದಾ ಮಂಡಿಗೆ ಹೋದೆ, ಕಾಲು ಸರಿಯಾಗೇ ಇತ್ತು, ಲೆಡ್ಜರ್ ಮೇಲೆ ನಿದ್ದೆ ಮಾತ್ರ ಎರಡು ಸಲ ಬಂತು. ಫೀ ಲೆಕ್ಕಕ್ಕೇ ಇಲ್ಲ ಬಿಡಿ, ರೈಲು, ಆಟೋ, ತಮ್ಮನ ಮಗೂಗೆ ಆಟದ ಸಾಮಾನು, ಆ ಸಾಕ್ಸು, ಎಲ್ಲ ಸೇರಿ ಫೀಗಿಂತ ಡಬಲ್.

ಇನ್ನು ನಮ್ಮೂರದ್ದು, ಅದರ ಮುಂದಿನ ಜನವರಿಲಿ ಓಡಿದ್ದು. ಮನೆಯಿಂದ ಚಪ್ಪಲಿ ಹಾಕ್ಕೊಂಡು ನಡ್ಕೊಂಡು ಹೋಗಿ ಅಲ್ಲಿ ಶೂ ಹಾಕೋಬಹುದು, ಇದಕ್ಕಿಂತ ಸುಖ ಇದೆಯಾ. ಚಳಿ ಹಿತವಾಗಿತ್ತು, ಗೋಪಿ ಸರ್ಕಲ್ ಕಡೆಯಿಂದ ಸವಳಂಗ ರೋಡ್ ಹಿಡಿದು ವಾಪಸ್, ಹೆಚ್ಚುಕಮ್ಮಿ ಸಪಾಟು. ತೊಂದರೆ ಒಂದೇ, ಎಲ್ರಿಗೂ ಗುರುತು. ನಮ್ಮ ಮಂಡಿಗೆ ಅಡಿಕೆ ತರೋ ಯಜಮಾನ್ರೊಬ್ರು ಟಿವಿಎಸ್ ಸ್ಲೋ ಮಾಡಿ ಪಕ್ಕದಲ್ಲೇ ಬಂದು, ಏನ್ರೀ ರೈಟ್ರೇ ಬಸ್ ತಪ್ಪಿತಾ ಅಂತ ಶುರು ಮಾಡಿ, ಹಾಗೇ ಅರ್ಧ ಕಿಲೋಮೀಟರ್ ಜತೆಗೇ ಬಂದು ಹಳೇ ಬಾಕಿ ವಿಚಾರ ಮಾತಾಡಿದ್ರು. ನಾನು ಏದುಸಿರಲ್ಲಿ ನೋಡೋಣ ನೋಡೋಣ ಅಂತಿದ್ದೆ.

ಮುಗಿಸಿದ್ದು 55 ನಿಮಿಷ 10 ಸೆಕೆಂಡಿಗೆ. ಪಿಬಿ, ಅಂದ್ರೆ ನನ್ನ ಇದುವರೆಗಿನ ಬೆಸ್ಟ್ ಟೈಮ್, ಅಂತ ಕುಣಿದಾಡಿ ಮನೆಗೆ ಫೋನ್ ಮಾಡಿದ್ದೂ ಆಯ್ತು, ಆಮೇಲೆ ವಾಚ್ ನೋಡಿದ್ರೆ 9.6 ಕಿಲೋಮೀಟರ್. ನಡೆಸಿದ ಹುಡುಗರನ್ನ ಕೇಳಿದ್ರೆ ಬೈಕಿನ ಮೀಟರಲ್ಲಿ ಅಳೆದ್ವಿ ಸಾರ್ ಅಂದ್ರು. ಬೈಯೋಕೆ ಮನಸ್ಸು ಬರ್ಲಿಲ್ಲ, 500 ರೂಪಾಯಿಗೆ ಟೀಶರ್ಟು ಮೆಡಲ್ಲು ಬಾಳೆಹಣ್ಣು ಕೊಟ್ಟು ರೋಡ್ ಉದ್ದಕ್ಕೂ ಹುಡುಗರನ್ನ ನಿಲ್ಲಿಸಿದ್ರು. (ಹಿಂದೆ ಬಂದೋರಿಗೆ ಬಾಳೆಹಣ್ಣು ಖಾಲಿ ಆಗಿತ್ತಂತೆ, ಅದು ಬೇರೆ ಗಲಾಟೆ.) ದೊಡ್ಡ ಓಟಗಳಲ್ಲಿ ಅಳೆಯೋ ಕ್ರಮನೇ ಬೇರೆ, ಸೈಕಲ್ ಚಕ್ರಕ್ಕೆ ಕೌಂಟರ್ ಹಾಕಿ, ಮೊದಲು ಉಕ್ಕಿನ ಟೇಪಲ್ಲಿ ಅಳೆದ ದೂರದ ಮೇಲೆ ಅದನ್ನ ಓಡಿಸಿ ಸರಿ ಮಾಡ್ಕೊಂಡು, ತಿರುವುಗಳಲ್ಲಿ ಅತಿ ಹತ್ತಿರದ ದಾರಿ ಹಿಡಿದು ಅಳೀತಾರೆ, ಆಮೇಲೂ ಎಲ್ಲಾದ್ರೂ ಕಮ್ಮಿ ಬಿದ್ದೀತು ಅಂತ ಸಾವಿರಕ್ಕೆ ಒಂದು ಪಾಲು ಜಾಸ್ತಿ ಸೇರಿಸ್ತಾರೆ, ಅಂದ್ರೆ 10 ಕಿಲೋಮೀಟರಿಗೆ 10 ಮೀಟರ್. ಅಡಿಕೆ ತೂಕದಲ್ಲಿ ಒಂದು ಹಿಡಿ ಮೇಲೆ ಹಾಕಿದ ಹಾಗೆ.

ನಾನು ಸುಮ್ನಿರೋನಲ್ವಲ್ಲ, ಕೂತು ಲೆಕ್ಕ ಹಾಕಿದೆ. ಬೆಂಗಳೂರಲ್ಲಿ ಸರಿಯಾಗಿ ಅಳೆದ 10 ಕಿಲೋಮೀಟರಿಗೆ ನನ್ನ ವಾಚು 10.18 ತೋರಿಸಿತ್ತು, ಅಡ್ಡಾದಿಡ್ಡಿ ಓಡಿದ್ದು ಸ್ವಲ್ಪ, ಜಿಪಿಎಸ್ ತಪ್ಪು ಸ್ವಲ್ಪ. ಅದೇ ಲೆಕ್ಕದಲ್ಲಿ ಇಲ್ಲೂ ಕಳೆದ್ರೆ ನಮ್ಮೂರಿನ ನಿಜವಾದ ದೂರ 9.43ರ ಹತ್ರ. ಆ ಸ್ಪೀಡಲ್ಲಿ ಪೂರ್ತಿ 10 ಓಡಿದ್ರೆ 58 ನಿಮಿಷ 30 ಸೆಕೆಂಡ್. ಬೆಂಗಳೂರಿಗೂ ನಮ್ಮೂರಿಗೂ ಹತ್ತು ಸೆಕೆಂಡ್ ವ್ಯತ್ಯಾಸ ಮಾರಾಯ್ರೇ, ಎಂಟು ತಿಂಗಳ ಪ್ರಾಕ್ಟೀಸು, ಹೊಸ ಶೂ, ಎಲ್ಲ ಸೇರಿ! ಸೋಮವಾರ ಮೆಟ್ಟಿಲು ಎರಡೆರಡು ಹಾರ್ಕೊಂಡೇ ಇಳಿದೆ, ಓಡಿದ್ದೇ ನೆನಪಿರ್ಲಿಲ್ಲ. ಓಟ ಮುಗಿದ ಕೂಡ್ಲೇ ಗೆಳೆಯರ ಜತೆ ಮೀನಾಕ್ಷಿ ಭವನದಲ್ಲಿ ತಿಂದ ದೋಸೆ ನೆನಪಿದೆ.

ತೀರ್ಥಹಳ್ಳಿ ಕಡೇದು ಇದೆರಡರ ಜಾತಿಗೇ ಸೇರಿದ್ದಲ್ಲ. 2024ರಲ್ಲಿ ನವರಾತ್ರಿ ಮುಗಿದ ಮುಂದಿನ ವಾರ, ಹಾಫ್ ಅಂದ್ರೆ ಅರ್ಧ ಮ್ಯಾರಥಾನ್, 21.1 ಕಿಲೋಮೀಟರ್, ಓಡಿದೋರು ನೂರೈವತ್ತೂ ಇರ್ಲಿಲ್ಲ. ಮಳೆ ಹೋಯ್ತು ಅಂದ್ಕೊಂಡಿದ್ವಿ, ಹೋಗಿರ್ಲಿಲ್ಲ. ಹಿಂದಿನ ರಾತ್ರಿ ಅಕ್ಕನ ಮನೇಲಿ, ಕಡುಬು, ಕಳಲೆ ಪಲ್ಯ, ಅಪ್ಪೆಮಿಡಿ. ನಾಳೆ ಓಡೋದಿದೆ ಅಕ್ಕ, ಸಾಕು ಅಂದ್ರೆ, "ಓಡೋದಿದ್ರೆ ತಿನ್ಬೇಕು ಮಾರಾಯ, ಎಂತ ಹಕ್ಕಿ ತಿಂದಂಗೆ ತಿಂತೀಯ, ಹೊಟ್ಟೆಗಿಲ್ದೆ ಅಲ್ಲೆಲ್ಲಾದ್ರೂ ಬಿದ್ರೆ ನಮ್ಮ ಮರ್ಯಾದೆ ಎಂತ ಆಗ್ತದೆ?" ಭಾವ ಮಾತ್ರ ಕೆಲಸಕ್ಕೆ ಬರೋ ಮಾತು ಹೇಳಿದ್ರು, ಸಾಕ್ಸಿಗೆ ಹೊಗೆಸೊಪ್ಪಿನ ನೀರು ಹಚ್ಕೊಂಡು ಹೋಗು, ಇಂಬಳ (ರಕ್ತ ಹೀರೋ ಜಿಗಣೆ) ಹತ್ತಲ್ಲ ಅಂತ. ರೋಡಲ್ಲಿ ಓಡೋನಿಗೆ ಇಂಬಳ ಎಲ್ಲಿಂದ ಬರ್ಬೇಕು ಅಂತ ನಾನು ಕೇಳ್ಲಿಲ್ಲ.

ಶುರುವಾಗಿದ್ದು ಮಂಜಲ್ಲಿ. ಮುಂದಿನೋನ ಬೆನ್ನು ಬಿಟ್ರೆ ಏನೂ ಕಾಣಲ್ಲ. ಅಡಿಕೆ ತೋಟದ ಮಧ್ಯೆ ಸಿಂಗಲ್ ರೋಡು, ಇಳಿದ್ರೆ ಹಳ್ಳ, ಹತ್ತಿದ್ರೆ ಮನೆ, ಮತ್ತೆ ಇಳಿದ್ರೆ ಇನ್ನೊಂದು ಹಳ್ಳ, ಸಪಾಟು ಅನ್ನೋದು ಒಂದು ಗದ್ದೆ ಬಯಲಿನ ಪಕ್ಕ ಬಿಟ್ರೆ ಎಲ್ಲೂ ಇಲ್ಲ. ಮುಗಿಸಿದ್ಮೇಲೆ ವಾಚ್ ಹೇಳಿದ್ದು ಒಟ್ಟು ಏರು 420 ಮೀಟರ್. ಬೆಂಗಳೂರಿನ ಪೇಸ್ ಇಲ್ಲಿ ಹಿಡಿಯೋಕೆ ಹೋಗಿ ಐದನೇ ಕಿಲೋಮೀಟರಿಗೇ ಬಾಯಲ್ಲಿ ಜೀವ ಬಂತು. ಆಮೇಲೆ ಜತೇಲಿದ್ದ ಕೊಪ್ಪದ ಮೇಷ್ಟ್ರೊಬ್ರು ಹೇಳಿಕೊಟ್ರು, ಏರಲ್ಲಿ ವಾಚ್ ನೋಡ್ಬೇಡಿ ಉಸಿರು ನೋಡಿ, ಮಾತಾಡೋಕೆ ಆಗ್ತಿಲ್ಲ ಅಂದ್ರೆ ನಡೀರಿ, ನಾಚಿಕೆ ಬೇಡ ಅಂತ. ನಡೆದೆ. ಇನ್ನೊಂದು ಗೊತ್ತಾಗಿದ್ದು ಬೆವರಿನ ವಿಚಾರ, ಚಳಿ ಇದೆಯಲ್ಲ ನೀರು ಯಾಕೆ ಅಂತ ಮೊದಲೆರಡು ಕಡೆ ಕುಡೀದೇ ಬಿಟ್ಟಿದ್ದೆ, ಆದ್ರೆ ಗಾಳಿ ತುಂಬ ತೇವ ಇದ್ರೆ ಬೆವರು ಆರೋದೇ ಇಲ್ಲ, ಆರದಿದ್ರೆ ಮೈ ತಣ್ಣಗಾಗಲ್ಲ, ಸುಮ್ನೆ ಸುರೀತಾ ಇರುತ್ತೆ. ಟೀಶರ್ಟು ಹಿಂಡೋ ಹಾಗಿತ್ತು. ಹನ್ನೊಂದನೇ ಕಿಲೋಮೀಟರಲ್ಲಿ ಒಂದು ಮನೆ ಮುಂದೆ ಹೆಂಗಸರು ಬಕೆಟ್ ಇಟ್ಕೊಂಡು ಮುರುಗಲ ಹಣ್ಣಿನ ಶರಬತ್ತಿಗೆ ಉಪ್ಪು ಹಾಕಿ ಕೊಡ್ತಿದ್ರು, ಆರ್ಗನೈಸರ್ ಕಡೇದಲ್ಲ, ಅವರೇ ಇಷ್ಟಪಟ್ಟು. ಮೂರು ಲೋಟ ಕುಡಿದೆ. ಎಲೆಕ್ಟ್ರೋಲೈಟ್ ಪೌಡರ್ ಜೇಬಲ್ಲೇ ಉಳೀತು, ಈಗ್ಲೂ ಮನೇಲಿದೆ.

ಅಲ್ಲಿಂದ ಒಂದು ನಾಯಿ ಜತೆಗೆ ಬಂತು, ಒಂದೂವರೆ ಕಿಲೋಮೀಟರ್, ಏರಲ್ಲಿ ನನಗೋಸ್ಕರ ನಿಂತು ಕಾಯ್ತಿತ್ತು.

ಏರು ಸುಸ್ತು ಮಾಡುತ್ತೆ, ಆದ್ರೆ ಕಾಲು ಮುರಿಯೋದು ಇಳಿಜಾರು. ಇದು ಮೊದಲು ನನಗೆ ಗೊತ್ತಿರ್ಲಿಲ್ಲ. ಇಳೀವಾಗ ತೊಡೆ ಸ್ನಾಯು ಎಳೆಸ್ಕೊಳ್ತಾನೇ ಬ್ರೇಕ್ ಹಾಕ್ಬೇಕು, ಅದರಲ್ಲಿ ಸ್ನಾಯು ಒಳಗೊಳಗೆ ಸಣ್ಣದಾಗಿ ಹರಿಯುತ್ತೆ, ಆಗ ನೋವೇ ಇರಲ್ಲ, ಒಂದು ದಿನ ಎರಡು ದಿನ ಬಿಟ್ಟು ಬರೋದು. ನಾನೋ ಇಳಿಜಾರು ಸಿಕ್ತು ಅಂತ ಕೈ ಬಿಟ್ಟು ಹಾರ್ಕೊಂಡು ಬಂದೆ, ಏರಲ್ಲಿ ಹೋದ ಟೈಮ್ ಎಲ್ಲ ವಸೂಲಿ ಮಾಡೋ ಉಮೇದಲ್ಲಿ. ಅಂದಹಾಗೆ ಬರೀ ಘಾಟಿ ಇಳಿದು ಬಂದ ಟೈಮ್ ತೋರಿಸಿ ಕೆಲವರು ಮೆರೀತಾರಲ್ಲ, ಅದು ದಾಖಲೆಗೆ ಸೇರಲ್ಲ, ಕಿಲೋಮೀಟರಿಗೆ ಸರಾಸರಿ ಒಂದು ಮೀಟರಿಗಿಂತ ಜಾಸ್ತಿ ಇಳಿಯೋ ದಾರಿಯಲ್ಲಿ ಓಡಿದ್ದನ್ನ ರೆಕಾರ್ಡ್ ಅಂತ ಒಪ್ಪಲ್ಲ. ಆಗುಂಬೆಯ 14 ತಿರುವು ಇಳ್ಕೊಂಡು ಸೋಮೇಶ್ವರಕ್ಕೆ ಓಡಿದ್ರೆ ಯಾರು ಬೇಕಾದ್ರೂ ಶೂರ.

ಎರಡು ಗಂಟೆ 31 ನಿಮಿಷ. ಕೊನೆಗೆ ಗೂಡಂಗಡಿ ಪಕ್ಕ ಎರಡು ಬಿದಿರು ನೆಟ್ಟು ಬ್ಯಾನರ್ ಕಟ್ಟಿದ್ರು, ಅದೇ ಫಿನಿಶ್. ಟೈಮಿಂಗ್ ಚಿಪ್ಪಿಲ್ಲ, ಒಬ್ರು ಮೇಡಂ ನೋಟ್‌ಬುಕ್ಕಲ್ಲಿ ಬರ್ಕೊಂಡ್ರು. ಶೂ ಬಿಚ್ಚಿದ್ರೆ ಎಡಗಾಲಿನ ಸಾಕ್ಸ್ ಕೆಂಪು, ಇಂಬಳ ಕುಡಿದು ಬಿದ್ದು ಹೋಗಿ ಎಷ್ಟು ಹೊತ್ತಾಗಿತ್ತೋ ಏನೋ, ರಕ್ತ ಮಾತ್ರ ನಿಲ್ತಾನೇ ಇಲ್ಲ, ಅದು ಕಚ್ಚುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಏನೋ ಬಿಡುತ್ತಲ್ಲ ಅದಕ್ಕೆ. ಏಳನೇ ಕಿಲೋಮೀಟರಲ್ಲಿ ಹುಲ್ಲಿನೊಳಗೆ ನಿಂತಿದ್ದು ನೆನಪಾಯ್ತು, ಯಾಕೆ ಅಂತ ಕೇಳ್ಬೇಡಿ. ಊಟಕ್ಕೆ ಅನ್ನ ಸಾರು ಹಪ್ಪಳ, ನೆಲದ ಮೇಲೆ ಪಂಕ್ತಿ. ಕೂತಿದ್ದು ಸುಲಭ, ಏಳೋಕೆ ಇಬ್ರು ಕೈ ಕೊಡ್ಬೇಕಾಯ್ತು.

ಸೋಮವಾರ ಹೇಗೋ ಹತ್ತಿದೆ. ಇಳಿಯೋಕೆ ನಿಂತ್ರೆ ತೊಡೆ ನನ್ನದಲ್ಲ, ಗೋಡೆ ಹಿಡ್ಕೊಂಡು, ಹಿಂದೆ ಮುಂದಾಗಿ, ಏಣಿ ಇಳಿದ ಹಾಗೆ ಒಂದೊಂದೇ. ಮಂಗಳವಾರ ಇನ್ನೂ ಜೋರು. ಯಜಮಾನ್ರು ಕೆಳಗೆ ನಿಂತು ನೋಡಿ, ಏನ್ ಮಾರಾಯ ಯಾರಾದ್ರೂ ಹೊಡೆದ್ರಾ ಅಂದ್ರು. ಗುರುವಾರದವರೆಗೂ ಹಾಗೇ.

ಹಾಗಾದ್ರೆ ಯಾವುದು ಅಂತ ಕೇಳೋ ಹೊಸ ಹುಡುಗರಿಗೆ ನಾನು ಹೇಳೋದು, ಮೊದಲ ಸಲ ಆದ್ರೆ ನಮ್ಮೂರಲ್ಲೇ ಓಡಿ, ಟೈಮ್ ನಂಬ್ಬೇಡಿ, ದೋಸೆ ನಂಬಿ. ನಿಮ್ಮ ನಿಜವಾದ ಟೈಮ್ ಎಷ್ಟು ಅಂತ ಗೊತ್ತಾಗ್ಬೇಕು ಅಂದ್ರೆ ಮಾತ್ರ ಬೆಂಗಳೂರಿಗೆ ಹೋಗಿ, ಆ ಅಜ್ಜಿಗೋಸ್ಕರ ಒಂದ್ಸಲ ಹೋಗ್ಲೇಬೇಕು ಅದು ಬೇರೆ ಮಾತು. ತೀರ್ಥಹಳ್ಳಿ ಕಡೇದಕ್ಕೆ ಯಾರಿಗೂ ಹೋಗಿ ಅಂತ ಹೇಳಿಲ್ಲ, ಹೇಳೋದೂ ಇಲ್ಲ, ಜನ ಜಾಸ್ತಿ ಆದ್ರೆ ಶರಬತ್ತು ಎರಡೇ ಲೋಟ ಸಿಗುತ್ತೆ.

ಈ ಸಲ ನಾನು ಹೆಸರು ಕೊಟ್ಟಿರೋದು ಅಲ್ಲಿಗೇ. ಇಳಿಜಾರಲ್ಲಿ ಸಣ್ಣ ಹೆಜ್ಜೆ ಹಾಕೋದನ್ನ ನಾಲೆ ಏರಿ ಮೇಲೆ ಪ್ರಾಕ್ಟೀಸ್ ಮಾಡ್ತಿದೀನಿ, ಹೊಗೆಸೊಪ್ಪು ತಂದಿಟ್ಟಿದೀನಿ, ಓಟದ ಹಿಂದಿನ ಶನಿವಾರವೇ ಆ ವಾರದ ಕಡತ ಎಲ್ಲ ಕೆಳಗೆ ತಂದು ಇಡಪ್ಪ ಅಂತ ಆಫೀಸ್ ಹುಡುಗನಿಗೂ ಹೇಳಿದೀನಿ.