ಔಷಧ ಪ್ರಯೋಗಕ್ಕೆ ಸೈನ್ ಹಾಕೋ ಮುಂಚೆ ಇದನ್ನ ಓದಿ, ನಮ್ಮಮ್ಮಂಗೆ ಆಗಿದ್ದು ನಿಮ್ಮನೇಲಿ ಆಗ್ಬಾರ್ದು

ಆಸ್ಪತ್ರೆ ಹೆಸ್ರು ಹಾಕಲ್ಲ, ದೂರು ಇನ್ನೂ ನಡೀತಿದೆ. ದೊಡ್ಡ ಮೆಡಿಕಲ್ ಕಾಲೇಜ್ ಆಸ್ಪತ್ರೆ ಅಂದ್ಕೊಳ್ಳಿ. ಅಮ್ಮಂಗೆ 61 ವರ್ಷ, ಶುಗರ್ ಬಂದು ಹತ್ತು ವರ್ಷದ ಮೇಲಾಯ್ತು. ತಿಂಗಳ ಚೆಕಪ್‌ಗೆ ಅಂತ ಒಬ್ರೇ ಹೋಗಿದ್ರು, ಓಪಿಡಿ ಕ್ಯೂನಲ್ಲಿ ನಿಂತಿರೋವಾಗ ಒಬ್ಬ ಹುಡುಗಿ ಬಂದು "ಅಮ್ಮಾ, ಹೊಸ ಮಾತ್ರೆ ಬಂದಿದೆ, ಎಲ್ಲಾ ಟೆಸ್ಟೂ ಫ್ರೀ, ಬಸ್ ಚಾರ್ಜೂ ಕೊಡ್ತೀವಿ" ಅಂತ ಒಳಗೆ ಕರ್ಕೊಂಡು ಹೋಗಿದಾಳೆ. ಇಂಗ್ಲಿಷ್‌ನಲ್ಲಿದ್ದ ಹದಿನೈದಿಪ್ಪತ್ತು ಪುಟ, ಇಲ್ಲೊಂದು ಸೈನು, ಅಲ್ಲೊಂದು ಸೈನು. ಅಮ್ಮ ಏಳನೇ ಕ್ಲಾಸ್ ಓದಿರೋರು, ಪೇಪರ್ ದಿನಾ ಓದ್ತಾರೆ, ಕನ್ನಡದಲ್ಲಿ ಕೊಟ್ಟಿದ್ರೆ ಪೂರ್ತಿ ಓದಿ ನಾಲ್ಕು ಪ್ರಶ್ನೆ ಕೇಳ್ತಿದ್ರು. ಮನೆಗೆ ಬಂದಾಗ ಕೈಯಲ್ಲಿದ್ದಿದ್ದು ಒಂದು ಬಿಳಿ ಡಬ್ಬಿ ಅಷ್ಟೇ, ಸೈನ್ ಹಾಕಿದ ಕಾಗದದ ಕಾಪಿ ಇಲ್ಲ. ನಾನೂ ಕೇಳ್ಲಿಲ್ಲ, ದೊಡ್ಡಾಸ್ಪತ್ರೆಯವ್ರು ಕೊಟ್ಟಿದ್ದು ಅಂತ ಸುಮ್ನಾಗ್ಬಿಟ್ಟೆ.

ಮೂರನೇ ವಾರ ರಾತ್ರಿ ಒಂದೂವರೆ ಹೊತ್ಗೆ ಅಮ್ಮ ಏನೇನೋ ಮಾತಾಡ್ತಿದ್ರು, ಮೈಯೆಲ್ಲಾ ಬೆವರು, ದಿಂಬು ಹಿಂಡಿದ್ರೆ ನೀರು ಬರೋ ಹಾಗಿತ್ತು. ಮಿಷಿನಲ್ಲಿ ನೋಡಿದ್ರೆ ಶುಗರ್ 42, ತೀರಾ ಕಮ್ಮಿ. ಸಕ್ಕರೆ ನೀರು ಕುಡಿಸೋಕೆ ಹೋದ್ರೆ ನುಂಗೋಕಾಗ್ತಿಲ್ಲ, ಆಟೋದಲ್ಲಿ ಹತ್ರದ ನರ್ಸಿಂಗ್ ಹೋಮಿಗೆ ಹಾಕ್ಕೊಂಡು ಹೋದ್ವಿ. ಅಲ್ಲಿನ ಡಾಕ್ಟ್ರು ಗ್ಲೂಕೋಸ್ ಏರಿಸ್ತಾ ಕೇಳಿದ್ದು ಒಂದೇ, ಯಾವ ಮಾತ್ರೆ ತಗೊಳ್ತಿದ್ರು? ಕೆಲವು ಶುಗರ್ ಮಾತ್ರೆ ಮೈಯಲ್ಲಿ ತುಂಬಾ ಹೊತ್ತು ಇರತ್ತಂತೆ, ಒಂದ್ಸಲ ಏರಿಸಿದ್ರೂ ಮತ್ತೆ ಇಳಿಯತ್ತಂತೆ. ಡಬ್ಬಿ ಕೊಟ್ಟೆ. ಅದ್ರ ಮೇಲೆ ಪ್ರಯೋಗಕ್ಕೆ ಮಾತ್ರ ಅಂತ ಇಂಗ್ಲಿಷ್‌ನಲ್ಲಿತ್ತು, ಒಂದು ಕೋಡ್ ನಂಬರ್ ಇತ್ತು, ಔಷಧದ ಹೆಸ್ರೇ ಇಲ್ಲ. ಆ ಹುಡುಗಿ ನಂಬರ್‌ಗೆ ಏಳು ಸಲ ಮಾಡ್ದೆ, ಸ್ವಿಚ್ ಆಫ್.

ಇಂಥ ಪ್ರಯೋಗಗಳಲ್ಲಿ ಎಷ್ಟೋ ಸಲ ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಬರೀ ಹಿಟ್ಟಿನ ಮಾತ್ರೆ ಅನ್ನೋದು ರೋಗಿಗೂ ಗೊತ್ತಿರಲ್ಲ, ಕೊಡೋ ಡಾಕ್ಟ್ರಿಗೂ ಗೊತ್ತಿರಲ್ಲ. ಅದು ತಪ್ಪಲ್ಲ, ಪ್ರಯೋಗ ನಡೆಯೋದೇ ಹಾಗೆ. ಆದ್ರೆ ತುರ್ತು ಬಂದ್ರೆ ಆ ಗುಟ್ಟು ಬಿಚ್ಚಿ ನೋಡೋ ವ್ಯವಸ್ಥೆ ಇಟ್ಟಿರ್ತಾರೆ, ಅದಕ್ಕೆ ಯಾರಿಗೆ ಫೋನ್ ಮಾಡ್ಬೇಕು ಅನ್ನೋದು ರೋಗಿಗೆ ಕೊಡೋ ಆ ಕಾಗದದಲ್ಲೇ ಇರತ್ತೆ. ನಮ್ಮ ಹತ್ರ ಇಲ್ದೇ ಇದ್ದಿದ್ದು ಅದೇ ಕಾಗದ. ಏನು ಮಾತ್ರೆ ಅಂತ ಗೊತ್ತಿಲ್ದೆ ಆ ಡಾಕ್ಟ್ರು ರಾತ್ರಿಯಿಡೀ ಗಂಟೆಗೊಂದ್ಸಲ ಅಮ್ಮನ ಬೆರಳು ಚುಚ್ಚಿ ನೋಡಿದ್ರು, ಬೆಳಗಿನ ಜಾವ ಮತ್ತೆ 55ಕ್ಕೆ ಇಳೀತು.

ಎರಡು ದಿನ ಅಡ್ಮಿಟ್, ಬಿಲ್ 18,600. ಮಾತ್ರೆ ಕೊಟ್ಟ ಆ ದೊಡ್ಡಾಸ್ಪತ್ರೆಗೆ ಹೋಗಿ ಕೇಳಿದ್ರೆ "ರಾತ್ರಿ ಊಟ ಬಿಟ್ಟಿರ್ಬೇಕು" ಅಂದ್ರು. ಮುದ್ದೆ ಸಾರು ಬಡ್ಸಿದ್ದು ನಾನೇ! ಮಾತ್ರೆಯಿಂದ್ಲೇ ಆಯ್ತು ಅಂತ ನಾನು ಹೇಳ್ತಿಲ್ಲ, ಅದನ್ನ ಅವ್ರು ವಿಚಾರಣೆ ಮಾಡಿ ಹೇಳ್ಬೇಕು, ಬಾಯಿಮಾತಲ್ಲಿ ತಳ್ಳಿಹಾಕೋದಲ್ಲ.

ಆಮೇಲೆ ಕೂತು ಓದ್ದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ರೋಗಿಗೆ ಅರ್ಥವಾಗೋ ಭಾಷೇಲೇ ವಿವರ ಕೊಡ್ಬೇಕು, ಸೈನ್ ಆದ್ಮೇಲೆ ಕಾಪಿ ರೋಗಿ ಕೈಗೆ ಕೊಡ್ಬೇಕು, ಯಾವಾಗ ಬೇಕಾದ್ರೂ ಬಿಟ್ಟು ಬರ್ಬಹುದು. ಅಡ್ಮಿಟ್ ಆಗೋಷ್ಟು ತೊಂದ್ರೆಯಾದ್ರೆ ಪ್ರಯೋಗ ನಡೆಸೋ ಡಾಕ್ಟ್ರು 24 ಗಂಟೆ ಒಳಗೆ ಎಥಿಕ್ಸ್ ಕಮಿಟಿಗೆ (ರೋಗಿಗಳ ಹಿತ ಕಾಯೋಕೆ ಪ್ರಯೋಗದ ಮೇಲೆ ಕಣ್ಣಿಡೋ ಸಮಿತಿ), ಕೇಂದ್ರದ ಔಷಧ ನಿಯಂತ್ರಕರಿಗೆ, ಪ್ರಯೋಗ ಮಾಡಿಸೋ ಕಂಪನಿಗೆ ವರದಿ ಮಾಡ್ಬೇಕು. ಪ್ರಯೋಗದಿಂದ್ಲೇ ಆಯ್ತು ಅಂತಾದ್ರೆ ಚಿಕಿತ್ಸೆ ಜೊತೆ ಪರಿಹಾರಾನೂ ಇದೆ. ನಮ್ಮ ವಿಷ್ಯದಲ್ಲಿ ವರದಿ ಹೋಗಿದ್ದು ಒಂಬತ್ತನೇ ದಿನ, ಅದೂ ನಾನು ಎಥಿಕ್ಸ್ ಕಮಿಟಿ ಕಾರ್ಯದರ್ಶಿಗೆ ಬರವಣಿಗೇಲಿ ಅರ್ಜಿ ಕೊಟ್ಟು ಸೀಲ್ ಹಾಕಿಸ್ಕೊಂಡ ಮೇಲೆ.

ಪ್ರಯೋಗಕ್ಕೆ ಸೇರ್ಲೇಬೇಡಿ ಅಂತಲ್ಲ, ಅಮ್ಮ ಇವತ್ತು ನುಂಗೋ ಮಾತ್ರೇನೂ ಯಾರೋ ಹೀಗೆ ಸೇರಿದ್ರಿಂದ್ಲೇ ಬಂದಿದ್ದು. ಆದ್ರೆ ಅವತ್ತೇ ಸೈನ್ ಹಾಕ್ಬೇಡಿ, ಕನ್ನಡದ ಪ್ರತಿ ಮನೆಗೆ ತನ್ನಿ, ರಾತ್ರಿ ಹೊತ್ತು ಎತ್ತೋ ನಂಬರ್ ಯಾವ್ದು ಅಂತ ಕೇಳಿ, ಅಲ್ಲೇ ಒಂದ್ಸಲ ಡಯಲ್ ಮಾಡಿ ನೋಡಿ. ಸಿಟಿಆರ್‌ಐ, ಅಂದ್ರೆ ದೇಶದಲ್ಲಿ ನಡೆಯೋ ಔಷಧ ಪ್ರಯೋಗಗಳನ್ನ ದಾಖಲಿಸೋ ಸರ್ಕಾರಿ ಪಟ್ಟಿ, ಅದರ ನೋಂದಣಿ ನಂಬರ್ ಕೇಳಿ, ಆ ವೆಬ್‌ಸೈಟಲ್ಲಿ ಪ್ರಯೋಗದ ವಿವರ ಯಾರು ಬೇಕಾದ್ರೂ ನೋಡ್ಬಹುದು. ನಂಬರ್ ಕೊಡೋಕೆ ಹಿಂದೆಮುಂದೆ ನೋಡಿದ್ರೆ ಎದ್ದು ಬನ್ನಿ.

ಮೊನ್ನೆ ಡಬ್ಬಿ ವಾಪಸ್ ಕೊಡಿ ಅಂತ ಫೋನ್ ಬಂತು. ಉಳಿದ ಮಾತ್ರೆ ಎಣಿಸಿ, ನಾಲ್ಕೂ ಕಡೆ ಫೋಟೋ ತೆಗೆದು, ತಗೊಂಡಿದೀವಿ ಅಂತ ಅವ್ರ ಕೈಲಿ ಬರೆಸಿ ಸೈನ್ ಹಾಕಿಸ್ಕೊಂಡ ಮೇಲೇ ಕೊಟ್ಟೆ.