ಮೂರು ಹಂತದ ಮಣ್ಣಿನ ಕಾಂಪೋಸ್ಟ್ ಮಡಕೆ: ಚಿಕ್ಕಮಗಳೂರಿನ ಮಳೆಗೆ ಆಗುತ್ತಾ?

ಮಡಕೆಗೆ ದುಡ್ಡು ಕೊಡಿ, ಜೊತೆಗೆ ಮಾರುವ ಪುಡಿಗೆ ಬೇಡ. ಕೆಲವು ಮಳೆಗಾಲ ಕಳೆದ ಮೇಲೆ ನನ್ನ ಅಭಿಪ್ರಾಯ ಇದು. ಬಯಲುಸೀಮೆಯವರ ವಿಮರ್ಶೆ ಓದಿಕೊಂಡು ಇಲ್ಲಿ ಕೊಳ್ಳುವವರಿಗೆ ಮಾತ್ರ ಇನ್ನೊಂದಿಷ್ಟು ಹೇಳುವುದಿದೆ.

ಒಂದರ ಮೇಲೊಂದು ಕೂರುವ ಮೂರು ಮಡಕೆ, ಮೇಲೊಂದು ಮುಚ್ಚಳ. ಹಸಿ ಕಸ ಮೇಲಿನದಕ್ಕೆ. ಅದು ತುಂಬಿದರೆ ನಡುವಿನದರ ಜೊತೆ ಜಾಗ ಬದಲಿಸಬೇಕು. ಎರಡೂ ತುಂಬಿದಾಗ ನಡುವಿನದನ್ನು ಕೆಳಗಿನದಕ್ಕೆ ಸುರಿಯಬೇಕು. ನಮ್ಮದು ನಾಲ್ಕು ಜನರ ಮನೆ, ಸಾಕಾಗುತ್ತದೆ. ಹಲಸಿನ ಕಾಲದಲ್ಲಿ ಮಾತ್ರ ಒಂದು ಹಣ್ಣಿನ ರಚ್ಚೆಗೇ ಮಡಕೆ ಭರ್ತಿ. ಅದನ್ನು ಪಕ್ಕದ ಮನೆಯ ಹಸುವಿಗೆ ಕೊಟ್ಟುಬಿಡುತ್ತೇವೆ.

ಬೇಸಿಗೆಯಲ್ಲಿ ಇದರ ಕೆಲಸಕ್ಕೆ ಹೆಸರಿಡುವ ಹಾಗಿಲ್ಲ. ಹೆಚ್ಚಿನ ನೀರನ್ನು ಮಣ್ಣು ಹೀರಿ ಆಚೆ ಬಿಡುತ್ತದೆ. ವಾಸನೆ ಇಲ್ಲ, ಎರಡು ತಿಂಗಳಿಗೆಲ್ಲ ಗೊಬ್ಬರ. ಜೂನ್ ಹಿಡಿದರೆ ಕಥೆಯೇ ಬೇರೆ. ಗಾಳಿಯೇ ಒದ್ದೆ ಇರುವಾಗ ಮಡಕೆ ಆರುವುದಾದರೂ ಹೇಗೆ? ಹೊರಗೆ ಪಾಚಿ, ಒಳಗೆ ರಾಡಿ. ಗಾಳಿ ಆಡದೆ ಕೊಳೆತರೆ ಗಬ್ಬು ನಾತ. ಸೂರಿನ ಕೆಳಗೆ, ಇರಚಲು ಹೊಡೆಯದ ಕಡೆ ಇಟ್ಟರೂ ಗೊಬ್ಬರ ಆಗಲು ಬೇಸಿಗೆಯ ಎರಡರಷ್ಟು ಸಮಯ ಬೇಕು.

ಇದಕ್ಕೆ ಮದ್ದು ದರಗು, ಅಂದರೆ ಉದುರಿದ ಒಣ ಎಲೆ. ಫೆಬ್ರವರಿ, ಮಾರ್ಚ್‌ನಲ್ಲೇ ಚೀಲಗಟ್ಟಲೆ ತುಂಬಿ ಅಟ್ಟಕ್ಕೆ ಹಾಕಿಡಿ. ಜುಲೈಯಲ್ಲಿ ಹುಡುಕಿದರೆ ಒಣಗಿದ ಒಂದು ಎಲೆ ಸಿಗುವುದಿಲ್ಲ. ಸಿಲ್ವರ್ ಓಕ್ ಎಲೆ ಒರಟು, ಕೈಯಲ್ಲಿ ಹಿಸುಕಿ ಪುಡಿ ಮಾಡಿದರೆ ಮಾತ್ರ ಕರಗುತ್ತದೆ. ಸಾಮಿಲ್‌ನ ಮರದ ಹೊಟ್ಟು ಕೂಡ ಆದೀತು. ಪ್ಲೈವುಡ್ ಹೊಟ್ಟು ಬೇಡ, ಅದರಲ್ಲಿ ಅಂಟು ಇರುತ್ತದೆ. ಮಳೆಗಾಲದಲ್ಲಿ ಒಂದು ಬೊಗಸೆ ಹಸಿ ಕಸಕ್ಕೆ ಎರಡು ಬೊಗಸೆ ದರಗು ನಮ್ಮ ಲೆಕ್ಕ. ಕಸ ಕೊಳೆಸುವ ಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ ಸುಮಾರು 30 ಪಾಲು ಇಂಗಾಲ ಇದ್ದರೆ ಹಿತ. ಹಸಿ ಕಸದಲ್ಲಿ ಸಾರಜನಕ ಜಾಸ್ತಿ, ದರಗಿನಂಥ ಒಣ ಕಸದಲ್ಲಿ ಇಂಗಾಲ ಜಾಸ್ತಿ. ನಮ್ಮೂರಿನವರಿಗೆ ಮುಖ್ಯವಾದ ಮಾತು: ಕಂದು ಬಣ್ಣ ನೋಡಿ ಕಾಫಿ ಚರಟವನ್ನು ಒಣ ಕಸಕ್ಕೆ ಸೇರಿಸಬೇಡಿ. ಅದರಲ್ಲಿ ಸಾರಜನಕ ಜಾಸ್ತಿ, ಹಾಗಾಗಿ ಅದೂ ಹಸಿ ಕಸವೇ. ಅನುಮಾನ ಬಂದರೆ ಒಂದು ಹಿಡಿ ತೆಗೆದು ಹಿಂಡಿ. ನೀರು ತೊಟ್ಟಿಕ್ಕಿದರೆ ಇನ್ನಷ್ಟು ದರಗು ಹಾಕಿ ಕೆದಕಿ.

ಇನ್ನು ಆ ಪುಡಿ. ತೆಂಗಿನ ನಾರಿನ ಪುಡಿಗೆ ಸೂಕ್ಷ್ಮಾಣು ಬೆರೆಸಿದ್ದು, ಖಾಲಿಯಾದಂತೆಲ್ಲ ಕೊಳ್ಳುತ್ತಲೇ ಇರಬೇಕು. ಸುಮ್ನೆ ಖರ್ಚು. ಹುಳಿ ಮಜ್ಜಿಗೆಯನ್ನೋ ಸೆಗಣಿ ನೀರನ್ನೋ ಸ್ವಲ್ಪ ಚಿಮುಕಿಸಿದರೆ ಅದೇ ಕೆಲಸ ಆಗುತ್ತದೆ.

ಬೂದು ಬಣ್ಣದ ದಪ್ಪ ಹುಳ ಕಂಡರೆ ಹೆದರಬೇಡಿ, ಬಿಸಿನೀರು ಸುರಿಯಬೇಡಿ. ಬ್ಲ್ಯಾಕ್ ಸೋಲ್ಜರ್ ಎಂಬ ನೊಣದ ಮರಿ ಅವು. ಕಸವನ್ನು ನಮಗಿಂತ ಚೆನ್ನಾಗಿ ಖಾಲಿ ಮಾಡುತ್ತವೆ. ಮೀನು, ಮೂಳೆ ಮಾತ್ರ ಹಾಕಬೇಡಿ, ಹೆಗ್ಗಣ ಬರುತ್ತದೆ.

ಮಡಕೆಗೆ ಬೀಳುವ ಕಸವೂ ಈಗ ಕಡಿಮೆ. ಅದಕ್ಕೆ ಅತ್ತೆ ಕಾರಣ. "ಚಟ್ನಿಗೆ ಬರುತ್ತಾ ನೋಡಿ ಆಮೇಲೆ ಎಸಿ" ಅನ್ನುತ್ತಾರೆ. ಹೀರೆಕಾಯಿ ಸಿಪ್ಪೆ ಚಟ್ನಿಗೆ, ಕಿತ್ತಳೆ ಸಿಪ್ಪೆ ಗೊಜ್ಜಿಗೆ. ಉಳಿದ ನಿಂಬೆ ಸಿಪ್ಪೆ ಮೂರು ಪಾಲು, ಬೆಲ್ಲ ಒಂದು ಪಾಲು, ನೀರು ಹತ್ತು ಪಾಲು ಬೆರೆಸಿ ಮೂರು ತಿಂಗಳು ಇಟ್ಟರೆ ನೆಲ ಒರೆಸುವ ದ್ರಾವಣ ಸಿದ್ಧ. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಬೇಕು.

ಗೊಬ್ಬರ ಕಪ್ಪಗೆ, ಉದುರುದುರಾಗಿ ಬರುತ್ತದೆ. ಒಂದು ಪಾಲಿಗೆ ಎರಡು ಪಾಲು ಮಣ್ಣು ಸೇರಿಸಿ ಸೇವಂತಿಗೆ, ಮೆಣಸಿನ ಗಿಡಕ್ಕೆ ಹಾಕುತ್ತೇವೆ. ಬೀಜ ಸಾಯುವಷ್ಟು ಬಿಸಿ ಈ ಮಡಕೆಯಲ್ಲಿ ಏರುವುದಿಲ್ಲ. ಹಾಗಾಗಿ ಸೇವಂತಿಗೆ ಕುಂಡದಲ್ಲಿ ಟೊಮೆಟೊ ಏಳುವುದು ಮಾಮೂಲು.

ದೂರು ಎರಡಿವೆ. ಮೇಲಿನ ಎರಡು ಮಡಕೆಗಳ ತಳಕ್ಕೆ ಹೆಣೆದ ಹಗ್ಗ ಕೊಳೆತು ಕಸವೆಲ್ಲ ಕೆಳಗೆ ಕುಸಿಯಿತು. ಈಗ ನೈಲಾನ್ ಹಗ್ಗ ಕಟ್ಟಿದ್ದೇವೆ, ಗಟ್ಟಿಯಾಗಿದೆ. ಮುಚ್ಚಳ ಒಡೆದಾಗ ಮಾರಿದವರನ್ನು ಕೇಳಿದರೆ, ಬಿಡಿಯಾಗಿ ಕೊಡುವುದಿಲ್ಲ, ಪೂರ್ತಿ ಸೆಟ್ ತೆಗೆದುಕೊಳ್ಳಿ ಅಂದರು. ಸಂತೆಯಲ್ಲಿ ಅಳತೆಗೆ ಸರಿಯಾದ ಮಣ್ಣಿನ ತಟ್ಟೆ ಸಿಕ್ಕಿತು, ಬೆಲೆಯೂ ಕಡಿಮೆ.